ಮಾವನ ಜಪಾನಿ ಕಾರು ಮತ್ತು ತೆಂಗಿನೆಣ್ಣೆ

ಇವತ್ತಿನ ಚಳಿಗೆ ಬಾಟಲಿಯ ತೆಂಗಿನೆಣ್ಣೆ ಗಟ್ಟಿಯಾಗಿತ್ತು. ಕೂಡಲೇ ಸಿದ್ಧಕಟ್ಟೆಯ ಸೋದರಮಾವ ನೆನಪಾದರು.

ಗಲ್ಫಿನಿಂದ ತಂದ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರನ್ನು ಅವರು ತಾವೇ ಬಿಚ್ಚಿ ಜೋಡಿಸಿದ್ದರು. ಆಕ್ಸಿಲರೇಟರಿನ ಕೇಬಲ್ ಬಿಗಿಯಾಗಿದ್ದುದಕ್ಕೆ ಮನೆಯ ತೆಂಗಿನೆಣ್ಣೆ ಬಿಟ್ಟಿದ್ದರು. ನನ್ನ ಬಾಲ್ಯದಲ್ಲಿ ಒಮ್ಮೆ ಅಪ್ಪನನ್ನೂ ನನ್ನನ್ನೂ ಅದರಲ್ಲಿ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ತೊಂದರೆಯಾಗಲಿಲ್ಲ. ರಾತ್ರಿಯಿಡೀ ಘಾಟಿಯ ಮೇಲಿನ ಚಳಿಯಲ್ಲಿ ನಿಂತಿದ್ದ ಕಾರಿನಲ್ಲಿ ಬೆಳಿಗ್ಗೆ ಘಾಟಿಯ ಬುಡದ ಕಕ್ಕಿಂಜೆಯ ಕಡೆಗೆ ಇಳಿಯತೊಡಗಿದೆವು. ನಾನು ಅಪ್ಪನ ಮಡಿಲಲ್ಲಿದ್ದೆ.

“ಭಾವ, ಕಾಲು ತೆಗೆದರೂ ಓಡ್ತಾ ಉಂಟು!” ಎಂದರು ಮಾವ. ಬ್ರೇಕ್ ತುಳಿದರೂ ಎಂಜಿನ್ ಅಬ್ಬರಿಸುತ್ತಲೇ ಇತ್ತು. ಎದುರಿಗೆ ತಿರುವು ಬಂತು.

“ಕೀ ಆಫ್ ಮಾಡು ಮಾರಾಯ!” ಅಪ್ಪ ಕೂಗಿದರು.

ಮಾವ ಕೀ ತಿರುಗಿಸಿದರು; ಕಾರು ತಡೆಗೋಡೆಗೆ ಒರಸಿಕೊಂಡು ನಿಂತಿತು. ಕೇಬಲ್ ಬಿಚ್ಚಿದರೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

“ಊರಲ್ಲಿ ಇದು ಗಟ್ಟಿಯಾಗುವುದೇ ಇಲ್ಲವಲ್ಲ, ಭಾವ!”

“ಹಾಗಾದರೆ ನಿನ್ನ ಕಾರೂ ಊರಲ್ಲೇ ಇರಲಿ,” ಎಂದ ಅಪ್ಪ ನನ್ನನ್ನು ಎತ್ತಿಕೊಂಡು ಬಸ್ಸಿಗೆ ಕೈ ಅಡ್ಡ ಹಿಡಿದರು.

ಬಾಟಲಿಯನ್ನು ಈಗ ಬಿಸಿಲಿಗಿಟ್ಟಿದ್ದೇನೆ. ಅದು ಕರಗುವವರೆಗೆ ನನಗೆ ಸಮಾಧಾನವಿಲ್ಲ.