ಸುಬೇದಾರನ ಸಾರೋಟು

ದಿಲ್ಲಿಯಲ್ಲಿ ಒಬ್ಬ ಮನುಷ್ಯನ ಯೋಗ್ಯತೆಯನ್ನು ತಿಳಿಯಲು ಅವನ ಜಾತಕವನ್ನಾಗಲಿ ಪದವಿಪತ್ರವನ್ನಾಗಲಿ ತಿರುವಿ ಹಾಕಬೇಕಾಗಿಲ್ಲ. ಕಾರಿನಲ್ಲಿ ಅವನು ಎಲ್ಲಿ ಕೂರುತ್ತಾನೆ ಎಂದು ನೋಡಿದರೆ ಸಾಕು. ಚಾಲಕನ ಪಕ್ಕದಲ್ಲಿ ಫೈಲುಗಳನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತವನು ಆಪ್ತ ಸಹಾಯಕ. ಹಿಂದೆ ಬಲಕ್ಕೆ ಕೂತವನು ಅತಿಥಿಯೋ ಅಳಿಯನೋ ಇರಬೇಕು. ಹಿಂದೆ, ಎಡಕ್ಕೆ, ಬೆನ್ನನ್ನು ಸಂಪೂರ್ಣವಾಗಿ ಒರಗಿಗೆ ಸಮರ್ಪಿಸಿ, ರಾಷ್ಟ್ರದ ಭವಿಷ್ಯವು ತನ್ನ ಜೀರ್ಣಕ್ರಿಯೆಯನ್ನೇ ಅವಲಂಬಿಸಿದೆ ಎಂಬ ಗಾಂಭೀರ್ಯದಿಂದ ಕಿಟಕಿಯಾಚೆ ನೋಡುತ್ತಿರುವವನೇ ಸಾಹೇಬ. ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಉಪ ಕಾರ್ಯದರ್ಶಿಯಾಗಿ ನಿವೃತ್ತನಾದ ನನಗೆ ಈ ಸೀಟು ತಡವಾಗಿ ದಕ್ಕಿತು, ಬೇಗ ಕೈಬಿಟ್ಟಿತು. ಸರ್ಕಾರ ಕಾರನ್ನು ಹಿಂದಕ್ಕೆ ಪಡೆಯಿತು. ಭಂಗಿಯನ್ನು ಹಿಂದಕ್ಕೆ ಪಡೆಯುವ ನಿಯಮ ಇನ್ನೂ ಜಾರಿಗೆ ಬಂದಿಲ್ಲ. ಇವತ್ತಿಗೂ ನನ್ನ ಹೆಂಡತಿ ದಿಲ್ಲಿಯ ದ್ವಾರಕಾ ಬಡಾವಣೆಯ ನಮ್ಮ ಸೊಸೈಟಿಯ ಗೇಟಿನಿಂದ ತನ್ನ ಪುಟ್ಟ ಕಾರನ್ನು ಹೊರಡಿಸಿದರೆ ನಾನು ಮರೆತು ಹಿಂದಿನ ಬಾಗಿಲನ್ನೇ ತೆಗೆಯುತ್ತೇನೆ. "ಇದು ಟ್ಯಾಕ್ಸಿ ಅಲ್ಲಾರೀ, ಮುಂದೆ ಬನ್ನಿ" ಎಂದು ಅವಳು ಗದರುತ್ತಾಳೆ, ಕಾವಲುಗಾರ ನಗುತ್ತಾನೆ, ನಾನು ಮುಂದೆ ಹೋಗುತ್ತೇನೆ.

ಹೀಗೆ ಸರ್ಕಾರಕ್ಕೂ ಹೆಂಡತಿಗೂ ಸಾಧ್ಯವಾಗದ ನನ್ನ ಭಂಗಿಯ ತಿದ್ದುಪಡಿಯನ್ನು ನನ್ನ ಸೊಂಟದೆತ್ತರದ ಒಂದು ಕುದುರೆ ಕೈಗೆತ್ತಿಕೊಂಡ ಬಗೆಯನ್ನು ತಮಗೆ ಹೇಳಬೇಕು.

ಕುದುರೆ ದೇಚಕ್ಕನದು. ಕೊಡಗಿನ ದೇಚಮ್ಮ ಸೇನೆಯ ನರ್ಸಿಂಗ್ ವಿಭಾಗದಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದವರು, ಮೇಜರ್ ಜನರಲ್‌ಗಳನ್ನೂ ಬೋರಲು ಮಲಗಿಸಿ ಇಂಜೆಕ್ಷನ್ ಚುಚ್ಚಿದವರು. ನನಗಿಂತ ಐದಾರು ವರ್ಷ ಹಿರಿಯರಾದ್ದರಿಂದ ನನಗೆ ದೇಚಕ್ಕ. ಕನ್ನಡಿಗರ ಯುಗಾದಿ ಊಟದ ಪಂಕ್ತಿಯಲ್ಲಿ ನಾನು ಮೂರನೆಯ ಹೋಳಿಗೆಗೆ ಕೈಚಾಚಿದಾಗ ಪಕ್ಕದಲ್ಲಿ ಕೂತು ನನ್ನ ಹೊಟ್ಟೆಯನ್ನೇ ದಿಟ್ಟಿಸಿ, "ಶುಗರ್ ಎಷ್ಟಿದೆ?" ಎಂದು ಕೇಳಿದ್ದು ಅವರೊಂದಿಗೆ ನನ್ನ ಮೊದಲ ಪರಿಚಯ. ಗಂಡ ತೀರಿಕೊಂಡ ಮೇಲೆ ಅವರು ಫರೀದಾಬಾದಿನ ಅಂಚಿನಲ್ಲಿ, ಅರಾವಳಿಯ ಕುರುಚಲು ಗುಡ್ಡಗಳು ಶುರುವಾಗುವ ಕಡೆ, ದೊಡ್ಡ ಅಂಗಳದ ಸಣ್ಣ ಮನೆಯಲ್ಲಿದ್ದಾರೆ. ಯಾರೋ ಉದ್ಯಮಿ ಫಾರ್ಮ್‌ಹೌಸಿನ ಶೋಕಿಗೆಂದು ತಂದು, ಬೇಸರ ಬಂದು ಮೂಲೆಗೆ ಕಟ್ಟಿದ್ದ ಈ ಗಿಡ್ಡ ತಳಿಯ ಕುದುರೆಯನ್ನು ಮನೆಗೆ ಕರೆತಂದು, ಸುಬೇದಾರ ಎಂದು ಹೆಸರಿಟ್ಟು, ಅದಕ್ಕೊಂದು ಎರಡು ಚಕ್ರದ ಗಾಡಿಯನ್ನೂ ಮಾಡಿಸಿದರು. ಟ್ರ್ಯಾಕ್ಟರಿನ ಬಿಡಿಭಾಗ ತಯಾರಿಸುವ ಸ್ಥಳೀಯ ವರ್ಕ್‌ಶಾಪಿನಲ್ಲಿ ಹುಟ್ಟಿದ ಆ ಗಾಡಿಗೆ ಮೋಟರ್‌ಸೈಕಲ್ಲಿನ ಚಕ್ರಗಳು, ಕುದುರೆಯ ಇಕ್ಕೆಲಕ್ಕೆ ಚಾಚುವ ಕೊಳವೆಯ ಮೂಕಿಗಳು, ಕೂರಲು ಒಂದೇ ಒಂದು ಹಲಗೆ. ನಾನು ಅದನ್ನು ಸಾರೋಟು ಎಂದೇ ಕರೆಯುತ್ತೇನೆ. ಅದರಲ್ಲಿ ಕೂರುವವನ ಮಾನವೂ ಉಳಿಯಬೇಕಲ್ಲ.

ಚಳಿಗಾಲದ ಭಾನುವಾರಗಳಲ್ಲಿ, ಮಂಜು ಹರಿದು ಸೂರ್ಯ ಹಾಜರಿ ಹಾಕಿದ ಮೇಲೆ, ದೇಚಕ್ಕ ಈ ಸಾರೋಟನ್ನು ಗುಡ್ಡದ ಕಾಲುದಾರಿಗೆ ಇಳಿಸುತ್ತಾರೆ. ಇಕ್ಕೆಲದಲ್ಲಿ ನಮ್ಮೂರಿನ ಬಳ್ಳಾರಿ ಜಾಲಿ, ಇಲ್ಲಿಯವರ ಬಾಯಲ್ಲಿ ವಿಲಾಯತಿ ಕೀಕರ್. ನಡುನಡುವೆ ನವಿಲು, ಒಮ್ಮೊಮ್ಮೆ ಪೊದೆಯಿಂದ ತಲೆಯೆತ್ತಿ ನಮ್ಮನ್ನು ಕಂಡು ತನ್ನ ಕಣ್ಣನ್ನೇ ನಂಬದೆ ನಿಲ್ಲುವ ನೀಲಗಾಯ್. ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವವರು ತಪ್ಪದೆ ಕೇಳುವ ಪ್ರಶ್ನೆ ಒಂದೇ: "ಮ್ಯಾಡಮ್, ಯೇ ಬಡಾ ಕಬ್ ಹೋಗಾ?" ಇದು ದೊಡ್ಡದಾಗುವುದು ಯಾವಾಗ ಎಂಬ ಈ ಪ್ರಶ್ನೆಯನ್ನು ನನ್ನ ಮೇಲಧಿಕಾರಿಗಳೂ ನನ್ನನ್ನು ಕುರಿತು ಕೇಳಿದ್ದುಂಟು. ಅವರಿಗೆ ಸಿಗದ ಉತ್ತರವನ್ನು ದೇಚಕ್ಕ ಥಟ್ಟನೆ ಕೊಡುತ್ತಾರೆ: "ಹೋ ಗಯಾ, ಭಯ್ಯಾ. ಬಸ್ ಇತನಾ ಹೀ." ದೊಡ್ಡದಾಗಿಯೇ ಆಯಿತು, ಇಷ್ಟೇ ಎಂದು.

ಮೊದಲ ಸಲ ಹೋದಾಗ ಸುಬೇದಾರನನ್ನು ಮಾತಾಡಿಸಲು ನಾನು ಸೊಂಟ ಬಗ್ಗಿಸಬೇಕಾಯಿತು. ಅವನು ಕಣ್ಣಿನ ಮೇಲೆ ಇಳಿಬಿದ್ದ ಜೂಲಿನ ಸಂದಿಯಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಡುವೆ ಸ್ವಲ್ಪ ಹೆಚ್ಚು ಹೊತ್ತು ತಂಗಿ, ದೀರ್ಘವಾಗಿ ಉಸಿರುಬಿಟ್ಟ. "ಹೆದರ್ಬೇಡಿ, ಸಮತಟ್ಟು ನೆಲದಲ್ಲಿ ಇಬ್ಬರನ್ನ ಆರಾಮಾಗಿ ಎಳೀತಾನೆ. ಏರು ಬಂದ್ರೆ ಮಾತ್ರ ಎಲ್ಲರೂ ಇಳಿದು ನಡೀಬೇಕು. ಇದು ರೂಲು" ಎಂದರು ದೇಚಕ್ಕ. ಕೂರುವಾಗ ಇನ್ನೊಂದು ಮಾತೂ ಹೇಳಿದರು: "ಸ್ವಲ್ಪ ಮುಂದಕ್ಕೆ ಬಗ್ಗಿ ಕೂತ್ಕೊಳ್ಳಿ ಮೂರ್ತಿಯವರೇ, ಭಾರ ಅಚ್ಚಿನ ಮೇಲೆ ಬರ್ಲಿ."

ನಾನು ಬಗ್ಗಿಯೇ ಕೂತೆ. ಆದರೆ ಎಳೆಬಿಸಿಲು, ತಂಗಾಳಿ, ಗೊರಸಿನ ಟಕಟಕ, ಬೇರೊಬ್ಬರು ಗಾಡಿ ಹೊಡೆಯುತ್ತಿರುವ ಸುಖ, ಇವೆಲ್ಲ ಕೂಡಿ ನನ್ನೊಳಗಿನ ಉಪ ಕಾರ್ಯದರ್ಶಿಯನ್ನು ಎಬ್ಬಿಸಿಬಿಟ್ಟವು. ಯಾವ ಮಾಯದಲ್ಲೋ ಪೃಷ್ಠವು ಹಲಗೆಯ ಹಿಂದಿನ ಅಂಚಿಗೆ, ಎಡ ಮೂಲೆಗೆ ಸರಿದಿತ್ತು. ಇಲ್ಲದ ಒರಗನ್ನು ಹುಡುಕುತ್ತ ಬೆನ್ನು ಕಂಬಿಗೆ ವಾಲಿತ್ತು. ದೃಷ್ಟಿ ಕ್ಷಿತಿಜದಲ್ಲಿ ಲೀನವಾಗಿತ್ತು. ಅಷ್ಟರಲ್ಲಿ ಒಂದು ಸಣ್ಣ ದಿಬ್ಬ ಬಂತು. ಹಿಂದಿನ ಭಾರಕ್ಕೆ ಮೂಕಿಗಳು ಮೇಲೆದ್ದವು, ಹೊಟ್ಟೆಪಟ್ಟಿ ಬಿಗಿದು ಸುಬೇದಾರ ಬೆರಳ ತುದಿಯಲ್ಲಿ ನಿಂತ ನರ್ತಕನಂತಾದ, ಮರುಕ್ಷಣ ನಾವಿಬ್ಬರೂ ಗೋಧಿಚೀಲಗಳಂತೆ ಹಿಂದಕ್ಕೆ ಜಾರಿ ನೆಲ ಸೇರಿದ್ದೆವು. ನನಗೆ ಏನೂ ಆಗಲಿಲ್ಲ; ದೇವರು ಕೊಟ್ಟ ಮೆತ್ತೆ ಧಾರಾಳವಾಗಿತ್ತು. ದೇಚಕ್ಕ ಕೈಯೂರಿ ಬಿದ್ದರು, ಎಡ ಮಣಿಕಟ್ಟು ಮುರಿಯಿತು. ಅವರು ಮೊದಲು ಕುದುರೆಯ ನಾಲ್ಕೂ ಕಾಲು ಮುಟ್ಟಿ ನೋಡಿದರು. ಆಮೇಲೆ ಶಾಲಿನಿಂದ ತಮ್ಮ ಕೈಯನ್ನು ತಾವೇ ಕಟ್ಟಿಕೊಂಡು ನನ್ನ ಕಡೆ ತಿರುಗಿ, "ಸಾಹೇಬರೇ, ಆಫೀಸು ಮುಗೀತು. ಏಳಿ" ಎಂದರು.

ನಗೆಯಾಟ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಗುರುಗ್ರಾಮದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ಅವರ ಮಗಳು ತಾರಾ ಅಂದು ಸಂಜೆಯೇ ಧಾವಿಸಿ ಬಂದಳು. ದಂಡುಪ್ರದೇಶಗಳಲ್ಲಿ ಬೆಳೆದ ಹುಡುಗಿ. ತಾಯಿಯೊಡನೆ ಕೊಡವ ತಕ್ಕಿನಲ್ಲಿ ಮಾತಾಡಿದರೂ ನನ್ನಂಥವರಿದ್ದರೆ ಕನ್ನಡಕ್ಕೆ ಹೊರಳುತ್ತಾಳೆ, ಸಿಟ್ಟು ಬಂದರೆ ಅರ್ಧ ದಾರಿಯಲ್ಲಿ ಕನ್ನಡವನ್ನು ಇಳಿಸಿ ಮುಂದೆ ಹೋಗಿಬಿಡುತ್ತಾಳೆ. ಪ್ಲಾಸ್ಟರ್ ಹಾಕಿದ ಕೈ ನೋಡಿ ಅವಳು ಹೇಳಿದ್ದಿಷ್ಟು: "ಮಮ್ಮಿ, ಎನಫ್! ಮೂರು ತಿಂಗಳ ಹಿಂದೆ ನೀನು ಬಾತ್‌ರೂಮಲ್ಲಿ ಬಿದ್ದೆ, ಈಗ ಇದು. ರಾತ್ರಿ ನಿನ್ನ ಫೋನ್ ಬಂದ್ರೆ ಕಾರ್ ಕೀ ಹುಡುಕ್ತಾನೇ ಎತ್ತೋದು ನಾನು, ಪತಾ ಹೈ?" ಅವಳು ಮೊದಲೇ ವಿಚಾರಿಸಿಟ್ಟಿದ್ದ, ಮಕ್ಕಳ ಹುಟ್ಟುಹಬ್ಬಗಳನ್ನು ನಡೆಸಿಕೊಡುವ ಒಂದು ರೆಸಾರ್ಟಿನವರು ಕುದುರೆಯನ್ನು ಕೊಳ್ಳಲು ಸಿದ್ಧರಿದ್ದರು, ಅಮ್ಮ ಗುರುಗ್ರಾಮದ ಹದಿನೇಳನೆಯ ಮಹಡಿಗೆ ಬರಬೇಕು, ಇದು ತೀರ್ಮಾನ.

ಜನರಲ್‌ಗಳನ್ನು ಗದರಿಸಿದ ದೇಚಕ್ಕ ಎದ್ದು ಒಂದೇ ಕೈಯಲ್ಲಿ ಸುಬೇದಾರನಿಗೆ ಹುಲ್ಲು ಹಾಕಿ ಬಂದರು. ಮಗಳು ಹೋದ ಮೇಲೆ ಅಂಗಳದ ಕಡೆ ನೋಡುತ್ತ ನನಗೆ ಹೇಳಿದರು: "ಮನೆ ತುಂಬ ಸಾಮಾನಿದೆ ಮೂರ್ತಿಯವರೇ. ಬೆಳಿಗ್ಗೆ ಎದ್ದ ತಕ್ಷಣ ನನ್ನ ಬೈಯೋನು ಇವನೊಬ್ಬನೇ. ಐದು ನಿಮಿಷ ಹುಲ್ಲು ತಡವಾದ್ರೆ ಬೀದಿಗೆಲ್ಲಾ ಕೇಳೋ ಹಾಗೆ ಕಿರಚ್ತಾನೆ." ನನಗೆ ತುಂಬ ಸಂಕಟವಾಯಿತು. ಬಣ್ಣದ ಕಾಗದದ ಟೋಪಿ ತೊಟ್ಟು, ಕೇಕಿನ ಪಕ್ಕ ನಿಂತು, ಬಲೂನು ಒಡೆದಾಗಲೆಲ್ಲ ಬೆಚ್ಚುವ ಸುಬೇದಾರನೂ, ಮೋಡದ ನೆರೆಹೊರೆಯಲ್ಲಿ ಲಿಫ್ಟಿಗಾಗಿ ಕಾಯುತ್ತ ನಿಂತ ದೇಚಕ್ಕನೂ ಒಟ್ಟೊಟ್ಟಿಗೆ ಕಣ್ಣಮುಂದೆ ಬಂದರು. ಮಗಳ ಹೆದರಿಕೆಯೂ ಸುಳ್ಳಲ್ಲ. ಸರ್ಕಾರದಲ್ಲಾಗಿದ್ದರೆ ಇಂಥ ಪ್ರಕರಣಕ್ಕೆ ಒಂದು ಸಮಿತಿ ರಚಿಸಿ ಎಲ್ಲರೂ ಸಾಯುವವರೆಗೆ ವರದಿಯನ್ನು ಮುಂದೂಡಬಹುದಿತ್ತು.

ದೇಚಕ್ಕ ಸಮಿತಿಯನ್ನು ನಂಬುವವರಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಮಗಳಿಗೆ ಒಂದೇ ಮಾತು ಹೇಳಿದರು: "ಮಾರೋದಾದ್ರೆ ಮಾರು. ಒಂದ್ಸಲ ನನ್ ಪಕ್ಕ ಕೂತು ಬಾ, ಆಮೇಲೆ." ತಾರಾ ಒಪ್ಪಿದಳು, ವಾದವನ್ನು ಬೇಗ ಮುಗಿಸಲು ಬೇರೆ ದಾರಿ ಇಲ್ಲವೆಂದು. ರೆಸಾರ್ಟಿನವರು ಬುಧವಾರ ಬರುವುದಿತ್ತು. ಇದು ಅದರ ಹಿಂದಿನ ಭಾನುವಾರ. ನಾನು ಗಾಡಿಯ ಹಿಂದೆ ನಡೆದು ಬರುವುದೆಂದು ತೀರ್ಮಾನವಾಯಿತು. ಅಪಘಾತದ ಕಾರಣಕರ್ತನನ್ನು ಪುನಃ ಸ್ಥಳಕ್ಕೆ ಕರೆದೊಯ್ಯುವ ಪದ್ಧತಿ ಪೊಲೀಸರಲ್ಲೂ ಉಂಟಷ್ಟೆ.

ತಾರಾ ಕೂತಳು, ಸರಿಯಾಗಿಯೇ ಕೂತಳು. ಆದರೆ ನೂರು ಗಜ ಹೋಗುವಷ್ಟರಲ್ಲಿ ಅವಳ ಫೋನು ಮೊಳಗಿತು. ಭಾನುವಾರವೂ ಬಿಡದ ಆ ಕಂಪನಿಯ ಯಾವುದೋ ಮೀಟಿಂಗು. ಕಿವಿಗೆ ತಂತಿ ಸಿಕ್ಕಿಸಿಕೊಂಡವಳು ನವಿಲನ್ನು ನೋಡಲಿಲ್ಲ, ಎಮ್ಮೆಯವನ ಸಲಾಮನ್ನು ನೋಡಲಿಲ್ಲ, ಪಕ್ಕದಲ್ಲಿ ತಾಯಿ ಎಡಗೈಗೆ ಭಾರ ಕೊಡದಂತೆ ಲಗಾಮು ಹಿಡಿದದ್ದನ್ನೂ ನೋಡಲಿಲ್ಲ. ಹಿಂದೆ ಏದುಸಿರು ಬಿಡುತ್ತಿದ್ದ ನನಗೆ ಆಟ ಮುಗಿಯಿತು ಅನ್ನಿಸಿತು. ಬುಧವಾರಕ್ಕೆ ಕಾಗದದ ಟೋಪಿಯೇ ಗತಿ.

ಏರಿನ ಬುಡ ಬಂತು. ದೇಚಕ್ಕ ರೂಲಿನಂತೆ ಇಳಿದು ಕುದುರೆಯ ತಲೆಯ ಹತ್ತಿರ ನಿಂತರು. ತಾರಾ ಇಳಿಯಲಿಲ್ಲ; ಮುಂದಿನ ತ್ರೈಮಾಸಿಕದ ಗುರಿಯ ಬಗ್ಗೆ ಯಾರಿಗೋ ಇಂಗ್ಲಿಷಿನಲ್ಲಿ ಬಿಸಿ ಮುಟ್ಟಿಸುತ್ತಿದ್ದಳು. ಸುಬೇದಾರ ನಿಂತ. ಸಿಟ್ಟಿಲ್ಲ, ಕಾಲು ಕೆದರುವುದಿಲ್ಲ, ಸುಮ್ಮನೆ ನಿಂತ. ಸರ್ಕಾರಿ ನೌಕರಿಯ ಅಷ್ಟೂ ವರ್ಷಗಳಲ್ಲಿ ಅಸಹಕಾರವನ್ನು ಅಷ್ಟು ವಿನಯದಿಂದ ನಡೆಸಿದವರನ್ನು ನಾನು ಕಂಡಿಲ್ಲ. ದೇಚಕ್ಕ ಅವನನ್ನೂ ಎಳೆಯಲಿಲ್ಲ, ಮಗಳನ್ನೂ ಕರೆಯಲಿಲ್ಲ. ಮೀಟಿಂಗು ನಡೆಯಿತು, ಬಿಸಿಲೇರಿತು, ನನ್ನ ಬೆವರು ಆರಿತು. ಕೊನೆಗೆ ತಾರಾ ಕಿವಿಯ ತಂತಿ ಕಿತ್ತು, "ಮಮ್ಮಿ, ಇಸಕೋ ಬೋಲೋ ನಾ, ಚಲ್ನೇ ಕೋ!" ಎಂದು ಕುದುರೆಯನ್ನು ಹೊರಡಿಸಲು ಹೇಳಿದಳು.

"ಅವನಿಗೆ ಏನು ಹೇಳೋದು? ಅವನಿಗೆ ಗೊತ್ತು. ಇಳಿಬೇಕಾದೋಳು ನೀನು."

ತಾರಾ ಇಳಿದಳು. ಅವಳ ಕಾಲು ನೆಲ ಮುಟ್ಟಿದ್ದೇ ತಡ ಸುಬೇದಾರ ಹೊರಟ. ತಾಯಿ ಒಂದು ಪಕ್ಕ, ಮಗಳು ಒಂದು ಪಕ್ಕ, ನಡುವೆ ತಲೆಯಾಡಿಸುತ್ತ ಏರು ಹತ್ತುವ ಆ ಗಿಡ್ಡ ಪ್ರಾಣಿ. ಅರ್ಧ ದಾರಿಯಲ್ಲಿ ಅವಳ ಫೋನು ಮತ್ತೆ ಕೂಗಿತು. ತೆಗೆದು ನೋಡಿ ಜೇಬಿಗಿಟ್ಟಳು, ಆ ಕೈಯನ್ನು ಕುದುರೆಯ ಜೂಲಿನ ಮೇಲಿಟ್ಟಳು. ಏರಿನ ತುದಿಯಲ್ಲಿ ದೇಚಕ್ಕ ಗಾಡಿ ಹತ್ತಬೇಕು. ಮುರಿದು ಕೂಡಿದ ಕೈಗೆ ಕಂಬಿ ಹಿಡಿದು ಮೇಲೇರುವ ಶಕ್ತಿ ಇನ್ನೂ ಬಂದಿರಲಿಲ್ಲ, ಹಿಂದಿನ ವಾರವೆಲ್ಲ ಅಂಗಳದ ಅಭ್ಯಾಸದಲ್ಲಿ ನಾನೇ ಮೊಣಕೈ ಕೊಟ್ಟು ಹತ್ತಿಸಿ, ಪಕ್ಕದಲ್ಲಿ ಬಗ್ಗಿ ಕೂತಿದ್ದೆ. ಅಂದು ನಾನಿನ್ನೂ ಏರಿನ ಮಧ್ಯದಲ್ಲಿ ಒಂದು ಕಲ್ಲಿನ ಜೊತೆ ವಿಶ್ರಾಂತಿ ಪಡೆಯುತ್ತಿದ್ದೆ. "ಒಂದ್ ನಿಮಿಷ ಹಿಡ್ಕೋ" ಎಂದು ದೇಚಕ್ಕ ಲಗಾಮನ್ನು ಮಗಳ ಕೈಗಿತ್ತರು. ತಾರಾ ಲಗಾಮನ್ನು ಒಂದು ಕೈಗೆ ಸುತ್ತಿ, ಇನ್ನೊಂದು ಕೈಯನ್ನು ತಾಯಿಯ ಬೆನ್ನಿಗೆ ಕೊಟ್ಟು ಹತ್ತಿಸಿದಳು, ಹತ್ತಿಸಿ ಆ ಕೈಯನ್ನು ಹಾಗೇ ಸ್ವಲ್ಪ ಹೊತ್ತು ಅಲ್ಲೇ ಬಿಟ್ಟಳು. ಆಮೇಲೆ ತಾನೂ ಹತ್ತಿ ಕೂತಳು.

"ಕೊಡು" ಎಂದರು ದೇಚಕ್ಕ, ಲಗಾಮಿಗೆ ಕೈ ಚಾಚಿ.

"ಇರು. ಹೇಗೆ ಹಿಡೀಬೇಕು ಹೇಳು."

ದೇಚಕ್ಕನ ವಾರ್ಡಿನ ಧ್ವನಿ ಹಿಂದಿರುಗಿತು: "ಎಳೀಬೇಡ. ಹಗ್ಗ ಅಲ್ಲ ಅದು, ಅವನ ಬಾಯಿ. ಮೆಲ್ಲಗೆ ಹಿಡಿ, ಕೈ ಬಿಡಬೇಡ."

ಗುಡ್ಡದ ಮೇಲಿನ ಸಮತಟ್ಟಿನಲ್ಲಿ ಸುಬೇದಾರ ಸೊಗಸಾದ ಓಟಕ್ಕೆ ಬಿದ್ದ. ತಾರಾ ಕಿರುಚಿದಳು, ನಕ್ಕಳು, ಮತ್ತೆ ಕಿರುಚಿದಳು. ಒಂದು ಸುತ್ತು ಹೊಡೆದು, ಅಷ್ಟರಲ್ಲಿ ತುದಿ ತಲುಪಿದ್ದ ನನ್ನ ಹತ್ತಿರ ಬಂದು ಗಾಡಿ ನಿಂತಾಗ ಅವಳ ಕೂದಲ ತುಂಬ ಧೂಳು. "ಬುಧವಾರದವ್ರಿಗೆ ಬೇಡ ಅಂತ ಮೆಸೇಜ್ ಹಾಕ್ತೀನಿ. ಆದ್ರೆ ಮಮ್ಮಿ, ಹೆಲ್ಮೆಟ್ ಇಲ್ದೆ ಕೂರೋ ಹಾಗಿಲ್ಲ, ನಾನಿಲ್ದೆ ಗುಡ್ಡ ಹತ್ತೋ ಹಾಗಿಲ್ಲ. ಪ್ರತಿ ಸಂಡೇ ಬರ್ತೀನಿ. ಪಕ್ಕಾ" ಎಂದಳು. ದೇಚಕ್ಕ ಹೆಲ್ಮೆಟ್ಟಿನ ಬಗ್ಗೆ ಏನೋ ಗೊಣಗುತ್ತ ಮಗಳ ಕೂದಲ ಧೂಳು ಕೊಡವಿದರು. ನಂತರ ತಾರಾ ಅತ್ಯಂತ ಮಧುರವಾಗಿ ನನ್ನ ಕಡೆ ತಿರುಗಿದಳು: "ಅಂಕಲ್, ಪ್ಲೀಸ್ ಬೇಜಾರಾಗ್ಬೇಡಿ. ಇನ್ಮೇಲೆ ನೀವು ಗಾಡೀಲಿ ಕೂರೋ ಹಾಗಿಲ್ಲ."

ಬೇಜಾರಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆ ಹಲಗೆಯ ಮೇಲೆ ಬಗ್ಗಿ ಕೂರುವುದನ್ನು ಆಗತಾನೆ ಕಲಿತಿದ್ದೆ. ಮಂತ್ರಾಲಯ ಕೊಟ್ಟ ಯಾವ ಆಸನವನ್ನೂ ನಾನು ಅಷ್ಟು ಶ್ರದ್ಧೆಯಿಂದ ಕಲಿತವನಲ್ಲ. ಅಪೀಲಿಗೆ ಅವಕಾಶವಿದೆಯೇ ಎಂದು ದೇಚಕ್ಕನ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಲಗಾಮು ಹಿಡಿದ ಮಗಳ ಬೆರಳುಗಳನ್ನು ನೋಡುತ್ತಿದ್ದರು.

ಗಾಡಿ ಹೊರಟಿತು. ಸ್ವಲ್ಪ ದೂರ ಹಿಂದೆಯೇ ಓಡಿದೆ, ಆಮೇಲೆ ನಡೆದೆ, ಆಮೇಲೆ ಜಾಲಿಮುಳ್ಳು ಬೂಟನ್ನು ಹೊಕ್ಕು ಒಂಟಿಕಾಲಿನಲ್ಲಿ ನಿಂತೆ. ನನ್ನನ್ನು ಬಿಟ್ಟುಬಂದಿದ್ದೇವೆ ಎಂಬುದು ಆ ತಾಯಿಗೂ ನೆನಪಿರಲಿಲ್ಲ, ಮಗಳಿಗೂ ನೆನಪಿರಲಿಲ್ಲ. ನಿಲ್ಲಿಸಿ ಎಂದು ಕೂಗಲು ಬಾಯಿ ತೆರೆದವನು ಕೂಗದೆ ಮುಚ್ಚಿದೆ. ತಿರುವಿನಾಚೆಯಿಂದ ಇಬ್ಬರ ಜಗಳವೂ ನಗುವೂ ಕೇಳುತ್ತಿತ್ತು. ಕೇಳುತ್ತಿರುವಷ್ಟು ಹೊತ್ತೂ ಮುಳ್ಳು ಕೀಳದೆ ಹಾಗೇ ನಿಂತಿದ್ದೆ.