ಗೇಟಿನಿಂದ ಬಂದರೂ ನೆಂಟರೇ

ಹೊನ್ನೆಮರಡಿನ ಹತ್ತಿರದ ಹೋಂಸ್ಟೇ ಒಂದರಲ್ಲಿ ಕೂತು, ಆಫೀಸಿನ ಪೈಥಾನ್ ಪ್ರಾಜೆಕ್ಟಿಗೆ, ಕೋಡಿನ ತಪ್ಪು ಹುಡುಕುವ ಟೆಸ್ಟುಗಳು ತಾವಾಗಿಯೇ ಓಡುವ ಹಾಗೆ ಮಾಡುತ್ತಿದ್ದೆ. ಸಂಜೆಯೊಳಗೆ ಮುಗಿಸಲೇಬೇಕಿತ್ತು. ನೆಟ್‌ವರ್ಕ್ ಸಿಗುತ್ತಿದ್ದುದು ಗೇಟಿನ ಬಳಿ ಮಾತ್ರ. ಹಾಗಾಗಿ ಪ್ರತಿ ತಿದ್ದುಪಡಿಗೂ ಲ್ಯಾಪ್‌ಟಾಪ್ ಹೊತ್ತು ಅಲ್ಲಿಗೆ ಹೋಗಿ, ಕೋಡ್ ಕಳಿಸಿ ಬರುತ್ತಿದ್ದೆ.

ಬಂದಾಗಲೆಲ್ಲ ಮನೆಯೊಡತಿ ಸಾವಿತ್ರಕ್ಕ ಬಾಗಿಲಲ್ಲಿ ಹಾಜರು. “ಬಂದ್ರಾ? ಆಸರಿಗೆ ಎಂತ ಕೊಡ್ಲಿ?” ಬಾಯಾರಿಕೆಗೆಂದು ನೀರು, ಬೆಲ್ಲ, ಹಿಂದೆಯೇ ಕೋಕಂ ಶರಬತ್ತು.

“ಅಕ್ಕಾ, ನಾನು ಗೇಟಿನ ತನಕ ಹೋಗಿದ್ದಷ್ಟೇ!”

“ಹೊರಗಿಂದ ಬಂದ್ರಲ್ಲ, ಆಯ್ತಲ್ಲ.”

ನನ್ನ ಟೆಸ್ಟುಗಳನ್ನು ಓಡಿಸುವ ದೂರದ ಕಂಪ್ಯೂಟರಿಗೂ ಇದೇ ಚಾಳಿ. ಪ್ರತಿ ಸಲವೂ ಹಿಂದಿನದೆಲ್ಲ ಮರೆತು, ಬೇಕಾದ ಸಿದ್ಧ ಕೋಡಿನ ಲೈಬ್ರರಿಗಳನ್ನು ಮೊದಲಿಂದ ಇಳಿಸಿಕೊಳ್ಳುತ್ತಿತ್ತು. ಕೊನೆಗೆ ಅವನ್ನು ‘ಕ್ಯಾಶ್’ ಎಂಬ ತನ್ನದೇ ಉಗ್ರಾಣದಲ್ಲಿ ಉಳಿಸಿಕೊಳ್ಳುವ ಹಾಗೆ ಮಾಡಿದೆ. ಟೆಸ್ಟುಗಳೆಲ್ಲ ಚಕಚಕ ಓಡಿ, ಪಾಸಾಗಿ ಹಸಿರಾದವು. ಗೇಟಿನಲ್ಲೇ ಕುಣಿದುಬಿಟ್ಟೆ.

ಆ ಖುಷಿಯಲ್ಲಿ ಸಾವಿತ್ರಕ್ಕನಿಗೂ ವಿವರಿಸಿದೆ. “ಒಮ್ಮೆ ತಂದದ್ದನ್ನ ಎತ್ತಿಟ್ಕೊಳ್ಳುತ್ತೆ ಅಕ್ಕಾ. ಮುಂದಿನ ಸಲ ಅದನ್ನೇ ಕೊಡುತ್ತೆ.” ಸೂಚನೆ ತಲುಪಲಿ ಎಂದು ಅವರ ಕೈಯಲ್ಲಿದ್ದ ಲೋಟವನ್ನೂ ನೋಡಿದೆ.

ಅವರ ಮುಖ ಸಣ್ಣದಾಯಿತು. “ಬಂದವ್ರಿಗೆ ಎತ್ತಿಟ್ಟಿದ್ದು ಕೊಡುತ್ತಾ? ಪಾಪ, ಅದಕ್ಕೆ ಮನೇಲಿ ಹೇಳಿಕೊಡೋರು ಯಾರೂ ಇಲ್ಲ ಅನ್ಸುತ್ತೆ.” ಹಾಗೆಂದವರೇ ಒಳಗೆ ಹೋಗಿ ಹೊಸದಾಗಿ ಶರಬತ್ತು ಮಾಡಿ ತಂದರು.

ಮರುದಿನ ಊಟ ಮುಗಿಸಿ, ಎಲ್ಲರಿಗೂ ಹೇಳಿ ಹೊರಟೆ. ಗೇಟು ದಾಟುವಾಗ ಚಾರ್ಜರ್ ಬಿಟ್ಟು ಬಂದದ್ದು ನೆನಪಾಗಿ ತಿರುಗಿ ನಡೆದೆ.

“ಬಂದ್ರಾ?” ಎಂದಿತು ಬಾಗಿಲು.

ಚಾರ್ಜರನ್ನು ನಿಜಕ್ಕೂ ಮರೆತಿದ್ದೆನೇ ಎಂದು ಮಾತ್ರ ಕೇಳಬೇಡಿ.