ಅವ್ವನ ವ್ಯಾನಿನ ಹಿಂಬಾಗಿಲು

ಬುಧವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಗೇಟಿನ ಎದುರು ಲಾರಿಯೊಂದು ಹಿಂದಕ್ಕೆ ಬಂದು ನಮ್ಮ ಹಳೇ ವ್ಯಾನಿಗೆ ಗುದ್ದಿತು. ಆ ವ್ಯಾನಿನಲ್ಲಿ ಅವ್ವ ಇಡ್ಲಿ ಮಾರುತ್ತಾಳೆ. ಓಡಿಸುವುದೂ ಎಣಿಕೆ ಬರೆಯುವುದೂ ಮಗಳಾದ ನನ್ನ ಪಾಲು. ಆ ದಿನದ ಪುಟದಲ್ಲಿ ಹೀಗಿದೆ: ಇಡ್ಲಿ ನೂರ ಎಂಬತ್ತು, ಉಳಿದದ್ದು ನಾಲ್ಕು, ಗಾಯ ಯಾರಿಗೂ ಇಲ್ಲ, ಹಿಂಬಾಗಿಲು ಹೋಯಿತು.

ಹಿಂಬಾಗಿಲೇ ನಮ್ಮ ಅಂಗಡಿಯ ಸೂರು. ಅದನ್ನು ಮೇಲಕ್ಕೆತ್ತಿ ನಿಲ್ಲಿಸಿ, ಅದರ ನೆರಳಿನಲ್ಲಿ ಅವ್ವ ಬಡಿಸುತ್ತಾಳೆ. ಈಗ ಅದು ನಡುವೆ ಮಡಿಚಿಕೊಂಡು ತೆರೆಯಲೂ ಬಾರದು, ಮುಚ್ಚಲೂ ಬಾರದು. ನಂಜನಗೂಡಿನ ನಮ್ಮ ಬೀದಿಯ ಟಿಂಕರ್ ನೋಡಿ, ಇದು ಬಡಿದು ಸರಿಮಾಡುವ ಹಂತ ದಾಟಿದೆ, ಈ ಗಾಡಿಗೆ ಹೊಸದು ಬರುವುದೂ ನಿಂತಿದೆ, ಗುಜರಿಯಲ್ಲಿ ಹುಡುಕು ಎಂದರು. ಹಳೇ ಸ್ಪೀಕರಿನ ಅಯಸ್ಕಾಂತವೊಂದನ್ನು ಕೈಗಿಟ್ಟರು.

"ಬಟ್ಟೆ ಸುತ್ತಿ ತಗಡ್ ಮೇಲಿಟ್ ನೋಡು. ಕಚ್ಕೊಂಡ್ರೆ ತಗಡು. ಜಾರಿದ್ರೆ ತೂತ್ ಮುಚ್ಚಿ ಪುಟ್ಟಿ ಮೆತ್ತವ್ರೆ ಅಂತ. ಬಣ್ಣ ನೋಡಿ ಏಮಾರ್ಬ್ಯಾಡ."

ಅವಸರವಿದ್ದದ್ದು ಜಾಗದ ಕಾರಣಕ್ಕೆ. ಗೇಟಿನ ಎದುರಿನ ಆ ಮೂಲೆ ಯಾರ ಹೆಸರಿನಲ್ಲೂ ಇಲ್ಲ. ದಿನಾ ಯಾರು ನಿಲ್ಲುತ್ತಾರೋ ಅವರದು. ಆರು ವರ್ಷದಿಂದ ಅವ್ವ ನಿಂತಿದ್ದಾಳೆ. ಗುರುವಾರ ಅವಳು ಎರಡು ಸ್ಟೀಲ್ ಡಬ್ಬಗಳಲ್ಲಿ ಅರವತ್ತು ಇಡ್ಲಿ, ಒಂದು ಕ್ಯಾನಿನಲ್ಲಿ ಚಟ್ನಿ ಹಿಡಿದು ಬಸ್ಸಿನಲ್ಲಿ ಹೋಗಿ, ಅದೇ ಮೂಲೆಯಲ್ಲಿ ಛತ್ರಿ ಬಿಡಿಸಿ ನಿಂತಳು. ಸಾಂಬಾರನ್ನು ಬಸ್ಸಿನಲ್ಲಿ ಒಯ್ಯಲಾಗಲಿಲ್ಲ. ಮಾರಿದ್ದು ನಲವತ್ತೊಂದು.

ಅದೇ ದಿನ ನಾನು ನಂಜನಗೂಡಿನ ಮೂರು ಗುಜರಿ ಅಂಗಡಿ ನೋಡಿದೆ. ಸಿಕ್ಕಿದ್ದು ಎರಡು ಬಾಗಿಲು: ಒಂದು ಬೇರೆ ಮಾದರಿಯದು, ಇನ್ನೊಂದು ಕೈಯಿಟ್ಟರೆ ಉದುರುವಷ್ಟು ತುಕ್ಕು. ಶುಕ್ರವಾರ ಟಿ. ನರಸೀಪುರಕ್ಕೆ ಹೋದೆ. ಅಲ್ಲಿನ ಗುಜರಿಯ ಗೋಡೆಗೆ ಒರಗಿಸಿದ್ದ ಬಾಗಿಲು ನಮ್ಮ ವ್ಯಾನಿನಷ್ಟೇ ಬೆಳ್ಳಗಿತ್ತು. ಅಗಲ, ಎತ್ತರ, ಕೀಲು ಕೂರಿಸುವ ತೂತುಗಳ ಅಂತರ ಎಲ್ಲವೂ ನನ್ನ ಎಣಿಕೆ ಪುಸ್ತಕದಲ್ಲಿ ಬರೆದುಕೊಂಡಿದ್ದ ಅಳತೆಗೆ ಸರಿಯಾದವು. ಅಯಸ್ಕಾಂತವನ್ನು ಇಪ್ಪತ್ತನಾಲ್ಕು ಕಡೆ ಇಟ್ಟೆ; ಎಲ್ಲ ಕಡೆಯೂ ಕಚ್ಚಿಕೊಂಡಿತು.

ಅಂಗಡಿಯಾತ ನಗುತ್ತ ನಿಂತಿದ್ದ. "ಏನ್ ತಾಯಿ, ಬಾಗ್ಲಿಗೆ ಮಂತ್ರ ಹಾಕ್ತಿದ್ದೀಯಾ? ಗಂಡ್ ನೋಡಾಕ್ ಬಂದೋರೂ ಇಷ್ಟ್ ನೋಡಾಕಿಲ್ಲ ಕಣವ್ವ."

"ಅವ್ರು ನೋಡ್ದೆ ಕೆಡ್ತಾರೆ ಕಣಣ್ಣ" ಎಂದೆ.

ಬಸ್ಸಿನ ಕಂಡಕ್ಟರ್ ಕೊಂಡ ಬಾಗಿಲನ್ನು ಹತ್ತಿಸಲು ಬಿಡಲಿಲ್ಲ. "ನಾಳೆ ಇಂಜಿನ್ನೂ ತತ್ತೀರಾ, ಇಳೀರಮ್ಮ" ಎಂದ. ಕೊನೆಗೆ ಸೋಸಲೆಯಿಂದ ಬಾಳೆಗೊನೆ ಹೇರಿಕೊಂಡು ನಂಜನಗೂಡಿಗೆ ಹೊರಟಿದ್ದ ಲಗೇಜ್ ಆಟೋದಲ್ಲಿ ಗೊನೆಗಳ ಮೇಲೆ ಅದನ್ನು ಮಲಗಿಸಿ ತಂದೆ. ಮನೆಯಲ್ಲಿ ಅವ್ವ ಕಾಲು ನೀವಿಕೊಳ್ಳುತ್ತ ಕೂತಿದ್ದಳು. ಟೀ ಗಾಡಿಯವನೊಬ್ಬ ಅವಳ ಪಕ್ಕದಲ್ಲೇ ಜಾಗ ಹಿಡಿಯಲು ನಾಲ್ಕು ಇಟ್ಟಿಗೆ ತಂದಿಟ್ಟು ಹೋಗಿದ್ದನಂತೆ.

ಶನಿವಾರ ಬೆಳಿಗ್ಗೆ ಟಿಂಕರ್ ಬಿಳಿ ಬಾಗಿಲಿನ ಅಂಚಿನ ರಬ್ಬರ್ ಎಳೆದರು. ಅದರ ಕೆಳಗೆ, ಈ ತುದಿಯಿಂದ ಆ ತುದಿಯವರೆಗೂ ಪುಟ್ಟಿ. ಸ್ಕ್ರೂ ಡ್ರೈವರ್ ಒತ್ತಿದರು. ಅದು ಆಚೆ ಬದಿಗೆ ಬಂತು.

"ನೀರ್ ನಿಲ್ಲೋ ಜಾಗ ಒಂದ್ ಬಿಟ್ಟು ಮಿಕ್ಕಿದ್ದೆಲ್ಲ ನೋಡಿದ್ದೀಯಲ್ಲ ಮಗಾ!"

ಇಪ್ಪತ್ತನಾಲ್ಕರಲ್ಲಿ ಒಂದೂ ರಬ್ಬರಿನ ಅಡಿಯದಲ್ಲ. ಅಳತೆ ಹಿಡಿಯುವ ಮೊದಲೇ ಬಿಳಿ ಬಣ್ಣ ಕಂಡು ನಾನು ಒಪ್ಪಿಬಿಟ್ಟಿದ್ದೆ. ಆಮೇಲೆ ನೋಡಿದ್ದೆಲ್ಲ ಅದನ್ನೇ ಗಟ್ಟಿ ಮಾಡಿಕೊಳ್ಳಲು. ಪುಸ್ತಕದಲ್ಲಿ ಇದನ್ನೂ ಬರೆದೆ.

ಮತ್ತೆ ಲಗೇಜ್ ಆಟೋ, ಮತ್ತೆ ನರಸೀಪುರ. ಅಂಗಡಿಯಾತ ಮೊದಲು "ನೋಡ್ಕಂಡ್ ತಾನೆ ತಗಂಡೋದೆ?" ಎಂದ. ಅಂಚಿನ ತೂತಿಗೆ ಬೆರಳು ತೂರಿಸಿ ತೋರಿಸಿದೆ. ಅವನು ಶೆಡ್ಡಿನ ಹಿಂದಿನಿಂದ ಇನ್ನೊಂದನ್ನು ಎಳೆದು ತಂದ. ಕುಂಕುಮದ ಬಣ್ಣದ್ದು, ಎರಡು ಕಡೆ ತಗ್ಗು, ಮೇಲೆಲ್ಲ ಗೀರು. "ಬಣ್ಣ ಕಂಡು ಯಾರೂ ಮುಟ್ಟಾಕಿಲ್ಲ. ಬೇಕಾದ್ರೆ ಬದಲಿಗೆ ತಗಂಡೋಗು." ಈ ಸಲ ಮೊದಲು ರಬ್ಬರ್ ಕಿತ್ತೆ. ಅಯಸ್ಕಾಂತ ಎಲ್ಲ ಕಡೆಯೂ ಕಚ್ಚಿತು, ತಗ್ಗುಗಳಲ್ಲೂ. ಆ ದಿನ ಅವ್ವ ಮಾರಿದ್ದು ಮೂವತ್ತಾರು. ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆಯ ಜಾಗಕ್ಕೆ ಟೀ ಗಾಡಿಯೇ ಬಂದಿತ್ತು.

ಭಾನುವಾರ ಕಾರ್ಖಾನೆಗೆ ರಜೆ. ಟಿಂಕರ್ ಬಾಗಿಲು ಕೂರಿಸಿಕೊಟ್ಟರು. ಬಣ್ಣ ಬಳಿಯಲು ಹೊತ್ತಿರಲಿಲ್ಲ.

ಸೋಮವಾರ ಏಳಕ್ಕೆ ನಾವು ತಲುಪಿದಾಗ ನಮ್ಮ ಮೂಲೆಯಲ್ಲಿ ಟೀ ಗಾಡಿಯ ಸ್ಟೌವ್ ಉರಿಯುತ್ತಿತ್ತು. ಅವ್ವ ಇಳಿದು ಹೋದಳು.

"ಅಕ್ಕಾ, ನಾಕ್ ದಿನದಿಂದ ನಿಮ್ ಗಾಡಿನೇ ಇಲ್ಲ. ಖಾಲಿ ಬಿದ್ದಿತ್ತು, ನಿಂತ್ಕಂಡೆ" ಎಂದ ಟೀಯವನು.

"ಗಾಡಿ ಇರ್ನಿಲ್ಲ ಕಣಪ್ಪ, ನಾನಿದ್ದೆ. ನನ್ ಕಾಲ್ ಪಕ್ದಲ್ಲೇ ಇಟ್ಟಿಗೆ ಮಡಗ್ದಲ್ಲ, ಆಗ ಕಣ್ಗೆ ಬೀಳ್ನಿಲ್ವಾ?"

ರಾತ್ರಿ ಪಾಳಿ ಮುಗಿಸಿ ಹೊರಬರುತ್ತಿದ್ದವರು ನಿಂತರು. ಒಬ್ಬ ಹುಡುಗ ಕೂಗಿದ: "ಅಕ್ಕ ಇದ್ದುದ್ದು ದಿಟ ಕಣಣ್ಣೋ. ಸಾಂಬಾರಿಲ್ದೆ ಮೂರ್ ದಿನ ತಿಂದಿದ್ದೀವಿ, ನಮ್ಗೊತ್ತು!" ನಗು ಎದ್ದಿತು. ಟೀಯವನು ಸ್ಟೌವ್ ಆರಿಸಿ ಗಾಡಿಯನ್ನು ಎಂಟು ಅಡಿ ಆಚೆ ತಳ್ಳಿಕೊಂಡ. ನಾನು ವ್ಯಾನನ್ನು ಹಿಂದಕ್ಕೆ ತಂದು ನಿಲ್ಲಿಸಿದೆ. ಅವ್ವ ಬಾಗಿಲು ಎತ್ತಿದಳು; ನಿಂತಿತು.

"ಏನಕ್ಕಾ, ಗಾಡಿಗೆ ಯಾರ್ದೋ ಸೀರೆ ಉಡ್ಸಿದ್ದೀರಾ?" ಎಂದು ಅದೇ ಹುಡುಗ ಕೇಳಿದ.

"ತೂತಿಲ್ದಿರೋ ಸೀರೆ ಕಣ್ಲಾ. ತಟ್ಟೆ ಹಿಡಿ."

ಇಡ್ಲಿ ನೂರ ಎಂಬತ್ತು, ಉಳಿದದ್ದು ಒಂಬತ್ತು. ಹತ್ತು ಗಂಟೆಗೆ ಜನ ಕರಗಿದ ಮೇಲೆ ಟೀಯವನು ತಟ್ಟೆ ಹಿಡಿದು ಬಂದು ಎರಡು ಇಡ್ಲಿ ಹಾಕಿಸಿಕೊಂಡ, ಸಾಂಬಾರು ಎರಡು ಸಲ ಕೇಳಿದ. ಅವ್ವ ಹಾಕಿದಳು.